ಪಿಯುಸಿ ಆಯ್ತು, ಗೇಮ್ ಡಿಸೈನ್ ಓದಲಾ, ಸಿಎಸ್ ಓದಲಾ?

ತಿಪಟೂರ್_ಹುಡುಗಿ:
ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಪಿಯುಸಿ ಸೈನ್ಸ್ ಈಗಷ್ಟೇ ಮುಗಿಯಿತು. ಗೇಮ್ ಮಾಡುವ ಕೆಲಸಕ್ಕೇ ಹೋಗಬೇಕು ಅಂತ ಆಸೆ. ಬೆಂಗಳೂರಿನ ಒಂದು ಕಾಲೇಜಿನವರು ಬಿಎಸ್ಸಿ ಗೇಮ್ ಡಿಸೈನ್‌ಗೆ ಸೇರಿಕೊಳ್ಳಿ ಅಂತ ದಿನಾ ಫೋನ್ ಮಾಡುತ್ತಾರೆ. ಫೀಸು ಕೇಳಿದ ಮೇಲೆ ಅಪ್ಪ ಮಾತೇ ಆಡುತ್ತಿಲ್ಲ. ಸಿಇಟಿಯಲ್ಲಿ ಸಿಎಸ್ (ಕಂಪ್ಯೂಟರ್ ಸೈನ್ಸ್) ಸೀಟು ಸಿಗುವ ಹಾಗಿದೆ. ಯಾವುದಕ್ಕೆ ಸೇರಲಿ?

ಕವಡೆ_ಕೋಡರ್:
ಬೆಂಗಳೂರಿನಲ್ಲಿ ಗೇಮ್‌ಪ್ಲೇ ಪ್ರೋಗ್ರಾಮರ್ ಆಗಿದ್ದೇನೆ. ಸಿಎಸ್ ಸೀಟು ಸಿಕ್ಕರೆ ಬಿಡಬೇಡಿ. ಇಂಟರ್‌ವ್ಯೂಗೆ ಬಂದವರ ಡಿಗ್ರಿ ಯಾವುದು ಅಂತ ನಾನು ಆಮೇಲೆ ನೋಡುತ್ತೇನೆ. ಮೊದಲು ಅವರು ಮಾಡಿ ಮುಗಿಸಿದ ಗೇಮ್ ಆಡುತ್ತೇನೆ. ಐದು ನಿಮಿಷದ್ದಾದರೂ ಸರಿ, ಮುಗಿದಿರಬೇಕು. ಅರ್ಧಕ್ಕೆ ನಿಂತ ದೊಡ್ಡ ಗೇಮ್ ಎಲ್ಲರ ಹತ್ತಿರವೂ ಇರುತ್ತದೆ.

ಡಿಸೈನ್ ಅಂದರೆ ಚಿತ್ರ ಬಿಡಿಸುವುದು ಅಂತ ತುಂಬಾ ಜನ ಸೇರಿಕೊಳ್ಳುತ್ತಾರೆ. ಅದು ಆಟದ ನಿಯಮ ಕಟ್ಟುವ ಕೆಲಸ. ಮನೆಯಲ್ಲಿ ಚೌಕಾಬಾರ ಆಡುತ್ತೀರಲ್ವಾ? ಕವಡೆ ಎರಡೂ ಮಗ್ಗುಲಿಗೆ ಸಮವಾಗಿ ಬೀಳುತ್ತದೆ ಅಂದುಕೊಳ್ಳಿ. ನಾಲ್ಕೂ ಕವಡೆ ಒಂದೇ ಮಗ್ಗುಲಿಗೆ ಬಿದ್ದು ಚೌಕವೋ ಬಾರವೋ ಆಗುವ ಸಾಧ್ಯತೆ 16ಕ್ಕೆ 2. ಬಿದ್ದವರು ಇನ್ನೊಂದು ಸಲ ಕವಡೆ ಹಾಕಬಹುದು. ಆ ಇನ್ನೊಂದು ಸಲವನ್ನು ತೆಗೆದು ಮನೆಯವರಿಗೆ ಆಡಲು ಕೊಡಿ. ಆಮೇಲೆ, ಎದುರಿನವರ ಕಾಯಿ ಹೊಡೆಯದೆಯೂ ಒಳಮನೆಗೆ ಹೋಗಬಹುದು ಅಂತ ಮಾಡಿ. ನೀವು ಆಡಬೇಡಿ. ಪಕ್ಕದಲ್ಲಿ ಕೂತು ಯಾರಿಗೆ ಯಾವಾಗ ಬೇಜಾರಾಯಿತು, ಯಾರು ಜಗಳ ತೆಗೆದರು ಅಂತ ಬರೆದುಕೊಳ್ಳಿ. ಈ ಕೆಲಸ ಹಿಡಿಸಿದರೆ ನಿಮಗೆ ಡಿಸೈನ್ ಹಿಡಿಸುತ್ತದೆ.

ಡಿಸೈನನ್ನೇ ಓದಬೇಕು ಅನ್ನಿಸಿದರೆ, ಡಿಗ್ರಿ ಆದಮೇಲೆ ಎನ್‌ಐಡಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಇದೆ. ಅದಕ್ಕೆ ಡ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಇನ್ನು ಆ ಫೋನಿನವರನ್ನು ಕೇಳಿ: ಡಿಗ್ರಿ ಕೊಡುವ ಯೂನಿವರ್ಸಿಟಿ ಯಾವುದು? ಅದಕ್ಕೆ ಯುಜಿಸಿ ಮಾನ್ಯತೆ ಇದೆಯಾ?

ಡಂಡೀ_ಕನ್ನಡಿಗ:
ನಾನು ಪೂರ್ತಿ ಒಪ್ಪುವುದಿಲ್ಲ. ನಾನಿರುವುದು ಸ್ಕಾಟ್‌ಲೆಂಡಿನ ಡಂಡೀಯಲ್ಲಿ, ಜಿಟಿಎ ಗೇಮ್ ಹುಟ್ಟಿದ ಊರು. ಇಲ್ಲಿನ ಅಬರ್ಟೇ ಯೂನಿವರ್ಸಿಟಿ 1997ರಲ್ಲೇ ಕಂಪ್ಯೂಟರ್ ಗೇಮ್ ಡಿಗ್ರಿ ಶುರು ಮಾಡಿತು. ಇಂಥ ಕೋರ್ಸಿನಲ್ಲಿ ಪಾಠಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಜೊತೆಗಾರರು. ಕೋಡ್ ಬರೆಯುವವರು, ಆರ್ಟ್ ಮಾಡುವವರು, ಸೌಂಡ್ ಮಾಡುವವರು ಒಟ್ಟಿಗೆ ಸಿಗುತ್ತಾರೆ. ಅಮೆರಿಕದ ಡಿಜಿಪೆನ್ ಕಾಲೇಜಿನಲ್ಲಿ ವಿದ್ಯಾರ್ಥಿಗಳು ನಾರ್ಬ್ಯಾಕ್ಯುಲರ್ ಡ್ರಾಪ್ ಅಂತ ಒಂದು ಗೇಮ್ ಮಾಡಿದ್ದರು. ಅದನ್ನು ನೋಡಿ ಗೇಮ್ ಮಾಡುವ ವಾಲ್ವ್ ಕಂಪನಿ ಇಡೀ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು. 2007ರ ಪೋರ್ಟಲ್ ಗೇಮ್ ಬಂದದ್ದು ಹಾಗೆ. ಸಿಎಸ್ ಕ್ಲಾಸಿನಲ್ಲಿ ಅಂಥ ತಂಡ ಎಲ್ಲಿ ಸಿಗುತ್ತದೆ?

ಕವಡೆ_ಕೋಡರ್:
ನಿಜ, ಆ ಕೊರತೆ ಇದೆ. ಆದರೆ ಅಲ್ಲಿನ ಫೀಸಿಗೆ ಇವರಪ್ಪ ಇನ್ನೂ ಸುಮ್ಮನಾಗುತ್ತಾರೆ! ಗ್ಲೋಬಲ್ ಗೇಮ್ ಜಾಮ್ ಅಂತ, ತಂಡ ಕಟ್ಟಿಕೊಂಡು ಕೆಲವೇ ದಿನದಲ್ಲಿ ಒಂದು ಗೇಮ್ ಮಾಡುವ ಕೂಟ ಜನವರಿಯಲ್ಲಿ ಬರುತ್ತದೆ. ಅಲ್ಲಿಗೆ ಹೋಗಿ, ಆರ್ಟ್ ಮಾಡುವ ಒಬ್ಬರನ್ನು ಪರಿಚಯ ಮಾಡಿಕೊಳ್ಳಿ. ಪಿಯುಸಿಯ ವೆಕ್ಟರ್ ಮರೆಯಬೇಡಿ. ಕಾವಲುಗಾರನ ಕಣ್ಣಿಗೆ ಆಟಗಾರ ಬಿದ್ದನೋ ಇಲ್ಲವೋ ಅಂತ ನೋಡುವುದಕ್ಕೆ ಬೇಕಾದದ್ದು ಅದೇ ಡಾಟ್ ಪ್ರಾಡಕ್ಟ್: ಅವನು ನೋಡುವ ದಿಕ್ಕಿಗೂ ಆಟಗಾರ ಇರುವ ದಿಕ್ಕಿಗೂ ಎಷ್ಟು ಅಂತರ ಅಂತ ಅದು ಹೇಳುತ್ತದೆ.

ತಿಪಟೂರ್_ಹುಡುಗಿ:
ತುಂಬಾ ಥ್ಯಾಂಕ್ಸ್ ಸರ್. ನನ್ನ ಹತ್ತಿರ ಇರುವುದು ಅಣ್ಣನ ಹಳೇ ಲ್ಯಾಪ್‌ಟಾಪ್, 4 ಜಿಬಿ ರ್‍ಯಾಮ್. ಅದರಲ್ಲಿ ಏನಾದರೂ ಮಾಡಬಹುದಾ?

ಕವಡೆ_ಕೋಡರ್:
ಗೋಡೋ ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪುಕ್ಕಟೆ, ಓಪನ್ ಸೋರ್ಸ್, ಇನ್‌ಸ್ಟಾಲ್ ಮಾಡುವ ರಗಳೆಯೂ ಇಲ್ಲ. 3ಡಿ ತಂಟೆಗೆ ಈಗ ಹೋಗಬೇಡಿ, 2ಡಿಗೆ ಅಷ್ಟು ಸಾಕು. ಮೊದಲು ಚೌಕಾಬಾರವನ್ನೇ ಮಾಡಿ, ಲಿಂಕ್ ಇಲ್ಲಿ ಹಾಕಿ.