ವಕ್ಫ್ ಜಾಗದಲ್ಲಿ ಊರಿಗೆಲ್ಲಾ ನೀರು ಕೊಡಬಹುದಾ?

ನಮ್ಮೂರ ಮಸೀದಿಗೆ ಸೇರಿದ ವಕ್ಫ್ (ದೇವರ ಹೆಸರಲ್ಲಿ ಶಾಶ್ವತವಾಗಿ ದಾನ ಬಿಟ್ಟ ಆಸ್ತಿ) ಆರು ಮಳಿಗೆ ಇವೆ, ತಾತನ ಕಾಲದ ಬಾಡಿಗೆನೇ ಇವತ್ತಿಗೂ, ಬರೋ ದುಡ್ಡು ಕರೆಂಟ್ ಬಿಲ್ಲಿಗೂ ಸಾಲಲ್ಲ. ಹಿಂದ್ಗಡೆ ಖಾಲಿ ಜಾಗ ಹಾಗೇ ಬಿದ್ದಿದೆ. ಬೇಸಿಗೇಲಿ ಇಡೀ ಬೀದಿ ಟ್ಯಾಂಕರ್‌ಗೆ ಕಾಯುತ್ತೆ, ಅಲ್ಲೊಂದು ಬೋರ್ ಕೊರೆಸಿ ಸೋಲಾರ್ ಪಂಪ್ ಹಾಕಿ ಎಲ್ಲಾ ಜಾತಿ ಮನೆಗೂ ನೀರು ಬಿಡೋಣ ಅಂದ್ರೆ ಹಿರಿಯರು "ವಕ್ಫ್ ಜಾಗ ಮುಟ್ಟಬಾರದು ಕಣಪ್ಪ" ಅಂತಾರೆ. ನಿಜಾನಾ?

ಉತ್ತರ 1
ಭಾಯ್, ವಕ್ಫಲ್ಲಿ ನೀರು ಕೊಡೋದು ಮೊದಲಿಂದಾನೇ ಬಂದಿರೋದು. ಮದೀನಾದಲ್ಲಿ ಪ್ರವಾದಿಯವರ ಸಂಗಡಿಗ ಹಜರತ್ ಉಸ್ಮಾನ್ ರೂಮಾ ಅನ್ನೋ ಬಾವಿ ದುಡ್ಡು ಕೊಟ್ಟು ತಗೊಂಡು ಎಲ್ಲರಿಗೂ ಬಿಟ್ಟುಕೊಟ್ರು. ಇನ್ನೊಬ್ಬ ಸಂಗಡಿಗ ಹಜರತ್ ಉಮರ್‌ಗೆ ಖೈಬರ್ ಅನ್ನೋ ಊರಲ್ಲಿ ಜಮೀನು ಸಿಕ್ಕಾಗ ಪ್ರವಾದಿಯವರು ಕೊಟ್ಟ ಸಲಹೆ, ಮೂಲ ಹಾಗೇ ಇಟ್ಕೊ, ಫಲ ದಾನ ಮಾಡು ಅಂತ. ಮೂಲ ಮುಟ್ಟಬಾರದು ಅನ್ನೋದು ಸರಿ, ಆದ್ರೆ ಫಲಾನೇ ಬರದಂಗೆ ಬಿಟ್ರೆ ದಾನ ಎಲ್ಲಿಂದ ಮಾಡ್ತೀರಿ? ಜೆರುಸಲೇಮಲ್ಲಿ ಟರ್ಕಿಯ ಒಟ್ಟೋಮನ್ ಸುಲ್ತಾನ್ ಸುಲೈಮಾನನ ಹೆಂಡತಿ ಹುರ್ರೆಮ್ 1552ರಲ್ಲಿ ಬಡವರಿಗೆ ಗಂಜಿಮನೆ ಮಾಡಿಸಿದ್ಳು, ಖರ್ಚಿಗೆ ಹಳ್ಳಿಗಳ ಆದಾಯನೇ ಬರೆದುಕೊಟ್ಳು. ಇವತ್ತಿಗೂ ಅಲ್ಲಿ ಊಟ ಕೊಡ್ತಾರೆ!

ಉತ್ತರ 2
ಮೊದಲು ವಕ್ಫ್ ಪತ್ರ ನೋಡಿ. ಕೊಟ್ಟವರು ಯಾವ ಉದ್ದೇಶಕ್ಕೆ ಅಂತ ಬರೆದಿದ್ದಾರೋ ಅದನ್ನ ಮುತವಲ್ಲಿ (ವಕ್ಫ್ ಆಸ್ತಿ ನೋಡ್ಕೊಳ್ಳೋರು) ಮೀರೋ ಹಾಗಿಲ್ಲ, ಖಬರಸ್ತಾನಕ್ಕೆ ಅಂತ ಬಿಟ್ಟ ಜಾಗ ಆದ್ರೆ ಕಥೆನೇ ಬೇರೆ. ಮಾರೋದು, ಅಡ ಇಡೋದು ಕಾನೂನಲ್ಲಿ ಇಲ್ಲ. ಬಾಡಿಗೆ ವಿಷಯ ಮಾತ್ರ ಬಿಡಬೇಡಿ. ಮುಸ್ಲಿಮರ ಸ್ಥಿತಿಗತಿ ಬಗ್ಗೆ ಕೇಂದ್ರ ಸರ್ಕಾರ ಮಾಡಿಸಿದ 2006ರ ಸಾಚಾರ್ ವರದಿ ಓದಿ ನನಗೆ ಹೊಟ್ಟೆ ಉರೀತು, ಆಗ ದೇಶದಲ್ಲಿ ನೋಂದಣಿಯಾದ ವಕ್ಫ್ ಆಸ್ತಿ 4.9 ಲಕ್ಷ, ವರ್ಷದ ಆದಾಯ ಬರೀ 163 ಕೋಟಿ, ಸರಿಯಾಗಿ ಬಳಸಿ ಶೇಕಡಾ 10 ಬಂದ್ರೂ 12,000 ಕೋಟಿ ಆಗ್ತಿತ್ತು ಅಂತ ಆಗ್ಲೇ ಬರೆದಿದ್ರು. ಅಷ್ಟರಲ್ಲಿ ಎಷ್ಟು ಬಡ ಹೆಣ್ಮಕ್ಕಳು ಓದ್ತಿದ್ರೋ.

ಉತ್ತರ 3
ಜಾಗನೇ ಬೇಕು ಅಂತಿಲ್ಲ, ಇಂಡೋನೇಷ್ಯಾದಲ್ಲಿ ನಗದೇ ವಕ್ಫ್ ಮಾಡ್ತಾರೆ. ಜನ ಕೊಟ್ಟ ದುಡ್ಡು ಸರ್ಕಾರದ ಸುಕುಕ್‌ಗೆ (ಬಡ್ಡಿ ಇಲ್ಲದ ಬಾಂಡ್ ಥರ) ಹೋಗುತ್ತೆ, ಅಸಲು ಭದ್ರ, ಲಾಭ ಸೇವೆಗೆ. 2020ರಲ್ಲಿ ಬಂದ ಮೊದಲನೇ ವಕ್ಫ್ ಸುಕುಕ್ ಲಾಭದಲ್ಲಿ ಸೆರಾಂಗ್ ಊರಿನ ವಕ್ಫ್ ಕಣ್ಣಾಸ್ಪತ್ರೇಲಿ ಬಡವರಿಗೆ ಪೊರೆ ಆಪರೇಷನ್ ಫ್ರೀ ಮಾಡಿದ್ರು. ನೀವೂ ಪಂಪಿನ ರಿಪೇರಿಗೆ ಅಂತ ಮಳಿಗೆ ಬಾಡಿಗೇಲಿ ಒಂದು ಭಾಗ ಈಗ್ಲೇ ಎತ್ತಿಡಿ, ಇಲ್ಲಾಂದ್ರೆ ಮೋಟಾರ್ ಸುಟ್ಟ ದಿನ ಎಲ್ಲಾ ನಿಲ್ಲುತ್ತೆ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಶುಕ್ರಿಯಾ. ಪತ್ರ ಮುತವಲ್ಲಿ ಸಾಹೇಬರ ಮನೆ ಟ್ರಂಕಲ್ಲಿದೆಯಂತೆ, ಹಳೇ ಕೈಬರಹದ ಉರ್ದು. ಜುಮ್ಮಾ ನಮಾಜ್ ಆದ್ಮೇಲೆ ಹೋಗಿ ಕೇಳ್ತೀನಿ, ಓದೋಕೆ ಬರೋರು ಇಲ್ಲಿ ಇದ್ರೆ ದಯವಿಟ್ಟು ಹೇಳಿ.