2004ರ ಟಾಹೋ 5.3: ಮ್ಯಾನಿಫೋಲ್ಡ್ ಬೋಲ್ಟ್ ತುಂಡಾಗಿದೆ, ಹೇಗೂ ಬಿಚ್ಚೋದಿದೆ, ಹೆಡರ್ ಹಾಕಿಬಿಡೋದಾ?

ಟಾಹೋ_ಡಲ್ಲಾಸ್ ಕೇಳಿದ್ದು:

ಗಾಡಿ 2004ರ ಶೆವ್ರೊಲೆ ಟಾಹೋ, 5.3 ಲೀಟರ್ ಎಲ್‌ಎಂ7 ಎಂಜಿನ್, 4ಎಲ್60ಇ ಗೇರ್‌ಬಾಕ್ಸ್, ಫೋರ್ ವೀಲ್ ಡ್ರೈವ್. ಓಡಿರೋದು 1,68,000 ಮೈಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅಂತ ಸದ್ದು, ಐದಾರು ನಿಮಿಷಕ್ಕೆ ನಿಂತುಹೋಗುತ್ತೆ. ಕನ್ನಡಿ ಹಿಡಿದು ನೋಡಿದರೆ ಪ್ಯಾಸೆಂಜರ್ ಕಡೆ 8ನೇ ಸಿಲಿಂಡರ್ ಹಿಂದಿನ ಬೋಲ್ಟಿಗೆ ತಲೆಯೇ ಇಲ್ಲ. ಮಿಕ್ಕವೆಲ್ಲ ತುಕ್ಕು, ಆದರೆ ಸ್ವಸ್ಥಾನದಲ್ಲಿವೆ.

ಹೇಗೂ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಒಟ್ಟುಮಾಡೋ ಎರಕದ ಕೊಳವೆ) ಇಳಿಸಬೇಕು. ಅದೇ ಶ್ರಮದಲ್ಲಿ ಅದರ ಬದಲು ಹೆಡರ್ (ಸಿಲಿಂಡರಿಗೊಂದು ಬೇರೆ ಪೈಪ್ ಇರೋದು) ಹಾಕೋಣ ಅನ್ನೋ ಯೋಚನೆ. ಗಿಡ್ಡ ಪೈಪಿನ ಶಾರ್ಟಿಯೋ, ಉದ್ದ ಪೈಪಿನ ಲಾಂಗ್ ಟ್ಯೂಬೋ? ಪ್ರತಿ ಸಿಲಿಂಡರಿನಿಂದ ಬರೋ ಪ್ರೈಮರಿ ಪೈಪ್ 1-3/4 ಇಂಚಾ, 1-7/8 ಇಂಚಾ? 304 ಸ್ಟೇನ್‌ಲೆಸ್‌ಗೆ ದುಡ್ಡು ಸುರಿಯೋದು ಸಾರ್ಥಕವಾ? ವರ್ಷಕ್ಕೆ ಏಳೆಂಟು ಸಲ 5,000 ಪೌಂಡಿನ ಟ್ರೇಲರ್ ಎಳೆಯುತ್ತೆ. ಗಾಡಿ ಡಲ್ಲಾಸ್ ಕೌಂಟಿಯಲ್ಲಿ ನೋಂದಣಿ, ಹೊಗೆ ಪರೀಕ್ಷೆ ಪಾಸಾಗಲೇಬೇಕು.

ಕಾಸ್ಟಿಂಗ್_ನಂಬರ್:

ಮೊದಲು ಒಂದು ತಪ್ಪು ಲೆಕ್ಕ ಸರಿಮಾಡಿಕೊಳ್ಳಿ. ಎಷ್ಟೋ ಜನ ಹೇಳೋ "ಹೆಡರ್ ಹಾಕಿದರೆ ಬೋಲ್ಟ್ ಮುರಿಯಲ್ಲ" ಅನ್ನೋದು ಪೂರ್ತಿ ನಿಜ ಅಲ್ಲ. ಈ ಎಂಜಿನ್ನಿನ ಬೋರ್ ಅಂತರ (ಒಂದು ಸಿಲಿಂಡರಿನ ನಡುವಿನಿಂದ ಪಕ್ಕದ್ದರ ನಡುವಿಗೆ) 4.4 ಇಂಚು, ಅಂದರೆ ಮೊದಲ ಪೋರ್ಟಿನಿಂದ ಕೊನೆಯದಕ್ಕೆ 335 ಮಿ.ಮೀ. ಎರಕದ ಕಬ್ಬಿಣದ ಮ್ಯಾನಿಫೋಲ್ಡ್ 500 ಡಿಗ್ರಿ ಬಿಸಿಯೇರಿದರೆ ಆ ಉದ್ದದಲ್ಲಿ ಸುಮಾರು 1.8 ಮಿ.ಮೀ. ಹಿಗ್ಗುತ್ತೆ. ಮ್ಯಾನಿಫೋಲ್ಡ್ ಕೂರೋ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡಿನೊಳಗೆ ಕೂಲೆಂಟ್ ಓಡುತ್ತಿರುತ್ತೆ, ಅದು 80 ಡಿಗ್ರಿ ಏರಿದರೆ 0.6 ಮಿ.ಮೀ. ಮಾತ್ರ. ನಡುವಿನ 1.2 ಮಿ.ಮೀ. ಎಳೆದಾಟವನ್ನು ತಿನ್ನೋದು ಎರಡು ತುದಿಯ ಬೋಲ್ಟುಗಳು. ಪ್ರತಿ ಸಲ ಬಿಸಿಯಾಗಿ ಆರಿದಾಗಲೂ ಇದೇ ಕಥೆ. ತುಂಡಾಗೋದು ಹೆಚ್ಚಾಗಿ ಹಿಂದಿನದು ಅಥವಾ ಮುಂದಿನದು, ನಡುವಿನದಲ್ಲ.

ಈಗ 304 ವಿಷಯ. ಅದು ಕಬ್ಬಿಣಕ್ಕಿಂತ ಒಂದೂವರೆ ಪಟ್ಟು ಹಿಗ್ಗುತ್ತೆ. ಹೆಡರ್ ಬಚಾವಾಗೋದು ಯಾಕೆಂದರೆ ಫ್ಲ್ಯಾಂಜ್ (ಬೋಲ್ಟ್ ಹಾಕೋ ಚಪ್ಪಟೆ ಪಟ್ಟಿ) ಹೆಡ್ಡಿಗೆ ಅಂಟಿಕೊಂಡು ತಣ್ಣಗಿರುತ್ತೆ, ಪೈಪುಗಳು ಬಾಗಿ ಎಳೆತ ತಿನ್ನುತ್ತವೆ. ಹಾಗಾಗಿ ಕೊಳ್ಳುವಾಗ ಲೋಹದ ಹೆಸರಿಗಿಂತ ಮೊದಲು ನೋಡಬೇಕಾದ್ದು ಫ್ಲ್ಯಾಂಜ್: 3/8 ಇಂಚು ದಪ್ಪ ಇರಬೇಕು, ತುದಿಯ ತೂತುಗಳು ಸ್ವಲ್ಪ ಅಗಲವಾಗಿ ಅಥವಾ ಉದ್ದುದ್ದ ಇರಬೇಕು. 1/4 ಇಂಚಿನ ತೆಳು ಫ್ಲ್ಯಾಂಜ್ ವೆಲ್ಡಿಂಗ್ ಶಾಖಕ್ಕೇ ಬಾಗಿ ಬಂದಿರುತ್ತೆ. ಡಬ್ಬಿ ಬಿಚ್ಚಿದ ಕೂಡಲೇ ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿ. 0.2 ಮಿ.ಮೀ.ಗಿಂತ ಹೆಚ್ಚು ಹೋದರೆ ವಾಪಸ್ ಕಳಿಸಿ. ಬೋಲ್ಟ್ ಬಿಗಿದರೆ ಸರಿಹೋಗುತ್ತೆ ಅನ್ನೋ ಮಾತಿಗೆ ಕಿವಿಗೊಡಬೇಡಿ.

ಶಾರ್ಟಿ, ಲಾಂಗ್ ಟ್ಯೂಬ್ ಪ್ರಶ್ನೆಗೆ ನೇರ ಉತ್ತರ: ನಿಮ್ಮ ಬಳಕೆಗೆ ಶಾರ್ಟಿ, ಇಲ್ಲವೇ ಹೊಸ ಕಬ್ಬಿಣದ ಮ್ಯಾನಿಫೋಲ್ಡೇ ಸಾಕು. ಶಾರ್ಟಿಯಿಂದ ಶಕ್ತಿ ಸಿಗುತ್ತೆ ಅಂತ ಹಾಕಬೇಡಿ, ಸೀಟಿನಲ್ಲಿ ಕೂತವರಿಗೆ ಗೊತ್ತಾಗದಷ್ಟು ಕಡಿಮೆ. ಲಾಭ ನಿಜವಾಗಿ ಇರೋದು ಲಾಂಗ್ ಟ್ಯೂಬಿನಲ್ಲಿ, ಅದೂ 3,000 ಆರ್‌ಪಿಎಂ ದಾಟಿದ ಮೇಲೆ, ಟ್ಯೂನ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸೋದು) ಜೊತೆಗೆ. ಆದರೆ ಅದರಲ್ಲಿ ಹೊಗೆ ಶುದ್ಧಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಹಿಂದಕ್ಕೆ ಸರಿಯುತ್ತೆ. ಕ್ಯಾಟ್ ತೆಗೆಯೋದು ಮಾತ್ರವಲ್ಲ, ಅದರ ಜಾಗ ಬದಲಿಸೋದನ್ನೂ ಫೆಡರಲ್ ನಿಯಮ ಟ್ಯಾಂಪರಿಂಗ್ ಅಂತಲೇ ಎಣಿಸುತ್ತೆ. ಶಾರ್ಟಿ ಕೊಳ್ಳುವಾಗ ಕ್ಯಾಲಿಫೋರ್ನಿಯಾದ ವಾಯು ಮಂಡಳಿ (ಕಾರ್ಬ್) ಕೊಟ್ಟ ಇಒ ನಂಬರ್, ಅಂದರೆ ಒಪ್ಪಿಗೆಯ ಸಂಖ್ಯೆ, ನಿಮ್ಮ ವರ್ಷಕ್ಕೂ ಎಂಜಿನ್ನಿಗೂ ಹೊಂದುತ್ತಾ ನೋಡಿ, ಅದರ ಸ್ಟಿಕ್ಕರ್ ಬಾನೆಟ್ ಕೆಳಗೆ ಅಂಟಿಸಿ. ಟೆಕ್ಸಾಸಿನಲ್ಲಿ ಯಾರೂ ಕೇಳದಿರಬಹುದು, ನಾಳೆ ಕ್ಯಾಲಿಫೋರ್ನಿಯಾದವರಿಗೆ ಮಾರಿದರೆ ಬೇಕೇಬೇಕು.

ಎಲ್‌ಎಸ್_ಪ್ರೇಮಿ:

ಶಾರ್ಟಿಗೆ ದುಡ್ಡು ಹಾಕೋದು ನೀರಲ್ಲಿ ಹೋಮ ಮಾಡಿದ ಹಾಗೆ. 1-3/4 ಪ್ರೈಮರಿ, 3 ಇಂಚು ಕಲೆಕ್ಟರ್ (ಪೈಪುಗಳೆಲ್ಲ ಸೇರೋ ಬಾಯಿ) ಇರೋ ಲಾಂಗ್ ಟ್ಯೂಬ್ ಹಾಕಿ. 1-7/8 ಬೇಡ, ಅದು 6.0 ಲೀಟರ್ ಮತ್ತು ಅದಕ್ಕೂ ದೊಡ್ಡ ಎಂಜಿನ್ನಿಗೆ. 5.3ಕ್ಕೆ ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಹೊಗೆಯ ವೇಗ ಬಿದ್ದು ಟ್ರೇಲರ್ ಎಳೆಯುವಾಗ ಸೊರಗುತ್ತೆ.

ಕಾಸ್ಟಿಂಗ್_ನಂಬರ್:

1-7/8 ಬೇಡ ಅನ್ನೋದಕ್ಕೆ ನನ್ನದೂ ಮತ. ಆದರೆ ಪ್ರಶ್ನೆ ಕೇಳಿದವರು ಹೊಗೆ ಪರೀಕ್ಷೆ ಪಾಸಾಗಬೇಕು ಅಂದಿದ್ದಾರೆ. ಈ ಎಂಜಿನ್ನಿನ ಟಾರ್ಕ್ ಶಿಖರ 4,000 ಆರ್‌ಪಿಎಂನಲ್ಲಿ, ಹೆದ್ದಾರಿಯಲ್ಲಿ ಟ್ರೇಲರ್ ಎಳೆಯೋದು ಬಹುಪಾಲು ಅದಕ್ಕಿಂತ ಕೆಳಗೇ. ಲಾಂಗ್ ಟ್ಯೂಬ್ ಕೊಡೋದೆಲ್ಲ ಇವರು ಕಾಲಿಡದ ಜಾಗದಲ್ಲಿ.

ಧಾರವಾಡ_ವೆಲ್ಡರ್:

ಹೆಡರ್ ಆರಿಸೋದು ಆಮ್ಯಾಲ ರೀ, ಮೊದಲ ಆ ಮುರಿದ ಬೋಲ್ಟ್ ಹೊರಗ ಬರಬೇಕಲ್ಲ. ಅರ್ಧ ಕೆಲಸ ಅಲ್ಲೇ ಐತಿ.

ಎರಡು ದಿನ ಮೊದಲಿಂದ ಹನ್ನೆರಡೂ ಬೋಲ್ಟಿಗೆ, ಕೆಳಗ ಎರಡೂ ಕಡೆ ಹೊಗಿ ಸೇರಿಸೋ ವೈ ಪೈಪಿನ ಮೂರ್ಮೂರು ಸ್ಟಡ್ಡಿಗೆ ತುಕ್ಕು ಬಿಡಿಸೋ ಪೆನೆಟ್ರೇಟಿಂಗ್ ಆಯಿಲ್ ಹೊಡದು ಇಡ್ರಿ. ಬಿಚ್ಚೋ ಮುಂದ ಎಂಜಿನ್ ಕೈಗೆ ಬೆಚ್ಚಗ ಇರಲಿ, ಸುಡಬಾರದು. ಬೆಚ್ಚಗ ಇದ್ರ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗಿ ಹಿಡಿತ ಸ್ವಲ್ಪ ಬಿಡ್ತೈತಿ. ಇಂಪ್ಯಾಕ್ಟ್ ಗನ್ ಹಚ್ಚಬ್ಯಾಡ್ರಿ. ಉದ್ದ ಹಿಡಿಕಿಯ ರ‍್ಯಾಚೆಟ್ ಹಾಕಿ ಕಾಲು ಸುತ್ತು ಸಡಿಲ, ಎಂಟನೇ ಒಂದು ಸುತ್ತು ಬಿಗಿ, ಹಿಂಗ ಹಿಂದ ಮುಂದ ಆಡಿಸ್ಕೋತ ತಗೀರಿ. ಕಿರ್ ಅಂದ್ರ ನಿಲ್ಲಿಸಿ ಮತ್ತ ಎಣ್ಣಿ. ಕಿರ್ ಅನ್ನೋದು ಬಿಟ್ಟು ರಬ್ಬರಿನಂಗ ಮೆತ್ತಗ ತಿರುಗಾಕ ಹತ್ತಿತು ಅಂದ್ರ ಬೋಲ್ಟ್ ಹಿಂಡಿಕೊಳ್ಳಾಕತ್ತೈತಿ, ಇನ್ನೊಂದು ಎಳೆತಕ್ಕ ತುಂಡ.

ಮುರಿದದ್ದು ಮ್ಯಾನಿಫೋಲ್ಡ್ ಇಳಿಸಿದ ಮ್ಯಾಲ ಹೆಡ್ಡಿನಿಂದ ಹೊರಗ ಚಾಚಿದ್ರ ಪುಣ್ಯ. ಮಟ್ಟಸ ಆಗಿದ್ರ ಅದರ ಮ್ಯಾಲ ಒಂದು ವಾಶರ್ ಇಟ್ಟು ಒಳಗಿನಿಂದ ವೆಲ್ಡ್ ತುಂಬ್ರಿ, ಆ ವಾಶರ್ ಮ್ಯಾಲ ನಟ್ ಇಟ್ಟು ಮತ್ತ ವೆಲ್ಡ್. ಮಿಗ್ ಸಾಕು. ಅಲ್ಯೂಮಿನಿಯಮ್ಮಿಗೆ ಈ ವೆಲ್ಡ್ ಅಂಟೂದಿಲ್ಲ, ಅದಕ್ಕ ಹೆದರಬ್ಯಾಡ್ರಿ. ಕೆಂಪು ಹೋಗಿ ಕಪ್ಪಾಗೂತನಕ ಕಾದು, ಮ್ಯಾಲ ಒಂದು ಹನಿ ಮೇಣ ಬಿಟ್ಟು, ನಿಧಾನಕ್ಕ ತಿರುವ್ರಿ. ಮೊದಲ ಸಲಕ್ಕ ನಟ್ ಕಿತ್ತು ಬಂದ್ರ ಬ್ಯಾಸರ ಬ್ಯಾಡ, ಮೂರ್ನಾಕು ಸಲ ವೆಲ್ಡ್ ಮಾಡಿದ ಬಿಸಿಗೇ ತುಕ್ಕು ಒಡೀತೈತಿ. ವೆಲ್ಡ್ ಮಾಡೂ ಮೊದಲ ಬ್ಯಾಟರಿ ವೈರ್ ಬಿಚ್ಚಿರಿ.

ಮುರಿದ ಬೋಲ್ಟ್ ತಿರುವಿ ತೆಗೆಯೋ ಈಜಿ ಔಟ್ ಮಾತ್ರ ತುರುಕಬ್ಯಾಡ್ರಿ. ಅದು ಗಟ್ಟಿ ಉಕ್ಕು, ಒಳಗ ಮುರಿತಂದ್ರ ಯಾವ ಡ್ರಿಲ್ಲಿಗೂ ಬಗ್ಗೂದಿಲ್ಲ, ಹೆಡ್ ಇಳಿಸೋ ಗತಿ. ಡ್ರಿಲ್ ಮಾಡಲೇಬೇಕಾದ್ರ ಎಡಗೈ ಬಿಟ್ (ಉಲ್ಟಾ ತಿರುಗಿ ಕೊರಿಯೂದು), ಮತ್ತ ಪಕ್ಕದ ಬೋಲ್ಟಿನ ತೂತಿಗೆ ಕಟ್ಟೋ ಗೈಡ್ ಪ್ಲೇಟ್. ಬರೀ ಕೈಲೆ ಹೊಡದ್ರ ಬಿಟ್ ಮೆತ್ತಗಿನ ಅಲ್ಯೂಮಿನಿಯಂ ಕಡೆ ಜಾರ್ತೈತಿ. ತೂತಿನ ಎಳಿ (ಥ್ರೆಡ್) ಹಾಳಾದ್ರ ಎಂ8, 1.25 ಪಿಚ್ಚಿನ ಹೆಲಿಕಾಯಿಲ್, ಅಂದ್ರ ಹೊಸ ಎಳಿ ಕೊಡೋ ತಂತಿ ಸುರುಳಿ.

8ನೇ ಸಿಲಿಂಡರಿಗೆ ಮ್ಯಾಲಿಂದ ಕೈ ಹೋಗೂದಿಲ್ಲ. ಬಲಗಡೆ ಮುಂದಿನ ಗಾಲಿ ತಗದು, ಒಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿರಿ. ಅಲ್ಲಿಂದ ನೆಟ್ಟಗ ಕಾಣ್ತೈತಿ.

ಟಾಹೋ_ಡಲ್ಲಾಸ್:

ತುಂಬಾ ಉಪಕಾರ. ಹಾಗಾದರೆ ಇಒ ನಂಬರ್ ಇರೋ ಶಾರ್ಟಿ, ಸೆರಾಮಿಕ್ ಕೋಟಿಂಗ್ ಇರೋದು. ಜೋಡಿಸುವಾಗ ಏನೇನು ಎಡವಟ್ಟಾಗುತ್ತೆ? ಟ್ಯೂನ್ ಬೇಕಾ? ಕೋಟಿಂಗ್ ಮೇಲೆ ಶಾಖದ ಪಟ್ಟಿಯನ್ನೂ ಸುತ್ತೋಣ ಅಂದುಕೊಂಡಿದ್ದೆ.

ಕಾಸ್ಟಿಂಗ್_ನಂಬರ್:

ಪಟ್ಟಿ ಸುತ್ತಬೇಡಿ. ಸುತ್ತಿದ ಪಟ್ಟಿ ನೀರು ಹಿಡಿದಿಟ್ಟುಕೊಂಡು ಮೈಲ್ಡ್ ಸ್ಟೀಲ್ ಪೈಪನ್ನು ಒಳಗೊಳಗೇ ತಿನ್ನುತ್ತೆ, ಜೊತೆಗೆ ಬಹಳ ತಯಾರಕರು ಪಟ್ಟಿ ಕಂಡರೆ ವಾರಂಟಿ ಕೊಡಲ್ಲ. ಆ ದುಡ್ಡಿಗೆ ಸ್ಪಾರ್ಕ್ ಪ್ಲಗ್ ವೈರಿನ ಬೂಟ್‌ಗಳಿಗೆ ಶಾಖ ತಡೆಯೋ ತೋಳು ತನ್ನಿ, ಎಂಟಕ್ಕೆ ಎಂಟು.

ಟ್ಯೂನ್ ಬೇಡ. ಶಾರ್ಟಿಯ ಬಾಯಿ ಹಳೆಯ ವೈ ಪೈಪಿಗೇ ಕೂರುತ್ತೆ, ನಾಲ್ಕೂ ಆಕ್ಸಿಜನ್ ಸೆನ್ಸರ್ ಇದ್ದಲ್ಲೇ ಇರುತ್ತವೆ. ವೈರ್ ಉದ್ದ ಮಾಡೋ ರಗಳೆಯೂ ಇಲ್ಲ.

ಜೋಡಣೆಗೆ ಮುಂಚೆ ಹೆಡ್ಡಿನ ಮುಖ ಶುದ್ಧವಾಗಬೇಕು. ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ತಿರುಗುವ ಸವೆತದ ಡಿಸ್ಕ್ ಹಾಕಿದರೆ ಅಲ್ಯೂಮಿನಿಯಂ ತಗ್ಗು ಬೀಳುತ್ತೆ, ಆಮೇಲೆ ಯಾವ ಗ್ಯಾಸ್ಕೆಟ್ಟೂ ನಿಲ್ಲಲ್ಲ. ಎಳೆಗಳಿಗೆ ಎಂ8 ಥ್ರೆಡ್ ಚೇಸರ್ (ಎಳೆಯ ಕೊಳೆ ತೆಗೆಯೋ ಸಾಧನ) ಓಡಿಸಿ; ಕತ್ತರಿಸೋ ಟ್ಯಾಪ್ ಅಲ್ಲ, ಅದು ಇರೋ ಎಳೆಯನ್ನೂ ತೆಳುಮಾಡುತ್ತೆ. ಹೆಡರ್ ಜೊತೆ ಬರೋ ಕಾಗದದಂಥ ಗ್ಯಾಸ್ಕೆಟ್ ಡಬ್ಬಿಯಲ್ಲೇ ಇರಲಿ. ಜಿಎಂನ ಪದರ ಪದರದ ಉಕ್ಕಿನ ಗ್ಯಾಸ್ಕೆಟ್ ಹಾಕಿ, ಒಣಗಿದ್ದೇ ಹಾಕಿ. ಸಿಲಿಕೋನ್ ಬಳಿದರೆ ಅದರ ಆವಿ ಆಕ್ಸಿಜನ್ ಸೆನ್ಸರನ್ನು ಕೊಲ್ಲುತ್ತೆ.

ಹನ್ನೆರಡೂ ಬೋಲ್ಟ್ ಹೊಸದಿರಲಿ. ಮೊದಲು ಎಲ್ಲವನ್ನೂ ಬೆರಳಿನಲ್ಲೇ ನಾಲ್ಕೈದು ಸುತ್ತು ಹಿಡಿಸಿ, ಕೆಳಗೆ ವೈ ಪೈಪನ್ನೂ ಸಡಿಲವಾಗಿ ಸೇರಿಸಿ. ಮೇಲೆ ಬಿಗಿದು ಆಮೇಲೆ ಪೈಪನ್ನು ಎಳೆದು ಕೂರಿಸಿದರೆ ಆ ಎಳೆತ ಮತ್ತೆ ಹಿಂದಿನ ಬೋಲ್ಟಿನ ತಲೆಗೇ. ನಂತರ ನಡುವಿನಿಂದ ಹೊರಗೆ ಹೋಗುತ್ತಾ ಮೊದಲ ಸುತ್ತು 11 ಫುಟ್-ಪೌಂಡ್, ಎರಡನೇ ಸುತ್ತು 18. ಅಷ್ಟೇ, 25 ನ್ಯೂಟನ್-ಮೀಟರ್. "ಇನ್ನೊಂಚೂರು" ಅಂತ ಕೈ ಹೋಗೋದು ಸಹಜ, ಎಳೆ ಕಿತ್ತು ಬರೋದೂ ಅಷ್ಟೇ ಸಹಜ.

ಪ್ಲಗ್ ಬೂಟ್‌ಗೂ ಪೈಪಿಗೂ ನಡುವೆ ಕಿರುಬೆರಳು ಸಲೀಸಾಗಿ ಹೋಗಬೇಕು. ಆಯಿಲ್ ಡಿಪ್‌ಸ್ಟಿಕ್ ಕೊಳವೆ ಬಲಗಡೆಯೇ, ಅದರ ಬ್ರಾಕೆಟ್ ಅಡ್ಡ ಬಂದರೆ ಕೊಳವೆಯನ್ನೇ ಮೆಲ್ಲಗೆ ಬಾಗಿಸಿ, ಕಿತ್ತೆಸೆಯಬೇಡಿ. ಸ್ಟಾರ್ಟರ್ ವೈರೂ ಅದೇ ಕಡೆ, ಅದಕ್ಕೂ ಒಂದು ಶಾಖದ ಕವಚ. ಎಡಗಡೆ ಸ್ಟಿಯರಿಂಗ್ ಶಾಫ್ಟ್ ಬಿಚ್ಚಬೇಕಾಗಿ ಬಂದರೆ ಗಾಲಿ ನೇರವಿಟ್ಟು, ಸ್ಟಿಯರಿಂಗ್ ಚಕ್ರವನ್ನು ಸೀಟ್ ಬೆಲ್ಟಿನಿಂದ ಕಟ್ಟಿ. ಬಿಚ್ಚಿದ ಮೇಲೆ ಚಕ್ರ ತಿರುಗಿಹೋದರೆ ಏರ್‌ಬ್ಯಾಗಿನ ಕ್ಲಾಕ್‌ಸ್ಪ್ರಿಂಗ್ (ಚಕ್ರದೊಳಗಿನ ಸುರುಳಿ ವೈರ್) ಹರಿದುಹೋಗುತ್ತೆ.

ಎಲ್‌ಎಸ್_ಪ್ರೇಮಿ:

ಶಾರ್ಟಿಯೇ ಆಗಲಿ, ಮುಗಿದ ಮೇಲೆ ಸ್ಕ್ಯಾನರ್ ಹಾಕಿ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲ್ ಹೆಚ್ಚುಕಡಿಮೆ ಮಾಡೋ ಲೆಕ್ಕ) ನೋಡಿ. ಗ್ಯಾಸ್ಕೆಟ್ ಸೋರಿದರೆ ಹೊಗೆ ಹೊರಗೆ ಬರೋದಷ್ಟೇ ಅಲ್ಲ, ಎರಡು ಬಡಿತದ ನಡುವೆ ಹೊರಗಿನ ಗಾಳಿ ಒಳಕ್ಕೂ ಎಳೆಯುತ್ತೆ. ಸೆನ್ಸರ್ ಅದನ್ನು ಕಂಡು ಪೆಟ್ರೋಲ್ ಕಡಿಮೆಯಾಯಿತು ಅಂತ ತಪ್ಪು ತಿಳಿಯುತ್ತೆ, ಕಂಪ್ಯೂಟರ್ ಸುಮ್ಮನೆ ಪೆಟ್ರೋಲ್ ಸುರಿಯುತ್ತೆ. ಐಡ್ಲಿಂಗ್‌ನಲ್ಲಿ ಒಂದು ಬ್ಯಾಂಕಿನ (ಎಂಜಿನ್ನಿನ ಒಂದು ಬದಿಯ) ಟ್ರಿಮ್ ಮಾತ್ರ ಮೇಲೇರಿ 2,500 ಆರ್‌ಪಿಎಂಗೆ ಸರಿಹೋದರೆ ಆ ಕಡೆಯೇ ಸೋರಿಕೆ ಹುಡುಕಿ. ಸ್ಕ್ಯಾನರಿನ ದೋಷದ ಕೋಡ್ ಪಿ0171 ಬಂದರೆ ಎಡಗಡೆ, ಪಿ0174 ಬಂದರೆ ಬಲಗಡೆ.

ಹುಡುಕೋ ಅಗ್ಗದ ದಾರಿ: ಎಂಜಿನ್ ತಣ್ಣಗಿದ್ದಾಗ ಶಾಪ್ ವ್ಯಾಕ್ಯೂಮಿನ ಊದುವ ಬಾಯನ್ನು ಸೈಲೆನ್ಸರ್ ಕೊನೆಗೆ ಬಟ್ಟೆ ಸುತ್ತಿ ತುರುಕಿ, ಫ್ಲ್ಯಾಂಜ್ ಸುತ್ತ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ಸೋರಿಕೆ.

ಟಾಹೋ_ಡಲ್ಲಾಸ್:

ಬ್ಯಾಟರಿ ಬಿಚ್ಚಿದ ಮೇಲೆ ನೇರ ಹೊಗೆ ಪರೀಕ್ಷೆಗೆ ಹೋಗಬಹುದಾ? ಬೋಲ್ಟ್ ಮತ್ತೆ ಬಿಗಿಯೋದು ಯಾವಾಗ?

ಕಾಸ್ಟಿಂಗ್_ನಂಬರ್:

ನೇರ ಹೋದರೆ ವಾಪಸ್ ಕಳಿಸುತ್ತಾರೆ. ಬ್ಯಾಟರಿ ತೆಗೆದರೆ ಕಂಪ್ಯೂಟರಿನ ರೆಡಿನೆಸ್ ಮಾನಿಟರ್‌ಗಳೆಲ್ಲ (ಹೊಗೆ ವ್ಯವಸ್ಥೆಯ ಸ್ವಯಂ ಪರೀಕ್ಷೆ ಮುಗಿದ ಗುರುತುಗಳು) ಅಳಿಸಿಹೋಗುತ್ತವೆ. 2001 ಮತ್ತು ನಂತರದ ಗಾಡಿಗೆ ಒಂದು ಮಾತ್ರ ಬಾಕಿ ಇರಬಹುದು. ರಾತ್ರಿಯಿಡೀ ತಣ್ಣಗಾದ ಗಾಡಿಯನ್ನು ಊರಲ್ಲೂ ಹೆದ್ದಾರಿಯಲ್ಲೂ ಮೂರ್ನಾಲ್ಕು ದಿನ ಓಡಿಸಿ, ಸ್ಕ್ಯಾನರಿನಲ್ಲಿ ಎಲ್ಲ ಸಿದ್ಧ ಅಂತ ಬಂದ ಮೇಲೆ ಹೋಗಿ. ಟ್ಯಾಂಕ್ ಕಾಲು ಭಾಗಕ್ಕಿಂತ ಮೇಲೆ, ಮುಕ್ಕಾಲಿಗಿಂತ ಕೆಳಗೆ ಇರಲಿ, ತೀರಾ ಖಾಲಿ ಅಥವಾ ತುಂಬಿದ್ದರೆ ಇವ್ಯಾಪ್ (ಪೆಟ್ರೋಲ್ ಆವಿ ಸೋರಿಕೆಯ) ಪರೀಕ್ಷೆ ಶುರುವೇ ಆಗಲ್ಲ.

ಬೋಲ್ಟ್ ಮೊದಲ ಸಲ ಬಿಸಿಯಾಗಿ ಪೂರ್ತಿ ಆರಿದ ಮೇಲೆ ಒಮ್ಮೆ, 100 ಮೈಲಿಗೆ ಒಮ್ಮೆ, 500ಕ್ಕೆ ಒಮ್ಮೆ. ಪ್ರತಿ ಸಲ ತಣ್ಣಗಿದ್ದಾಗಲೇ, ಪ್ರತಿ ಸಲ 18ಕ್ಕೇ. ಮೊದಲ ಸ್ಟಾರ್ಟಿಗೆ ಕೋಟಿಂಗಿನಿಂದ ಸ್ವಲ್ಪ ಹೊಗೆ, ವಾಸನೆ ಬರುತ್ತೆ, ಗ್ಯಾರೇಜ್ ಬಾಗಿಲು ತೆಗೆದಿಡಿ.

ಧಾರವಾಡ_ವೆಲ್ಡರ್:

ಬಿಗಿಯೂ ಮೊದಲ ಬೋಲ್ಟ್ ಎಳಿಗೆ ಹಳ್ಯಾವ್ರು ಬಳೀತಿದ್ದ ಆ್ಯಂಟಿ ಸೀಜ್ (ಹಿಡಕೊಳ್ಳದಂಗ ಬಳಿಯೋ ಜಾರು ಪೇಸ್ಟ್) ಬಳೀಬ್ಯಾಡ್ರಿ. 18 ಅನ್ನೋ ಅಳತಿ ಒಣ ಎಳಿಗೆ ಥ್ರೆಡ್ ಲಾಕರ್ (ಬೋಲ್ಟ್ ಸಡಿಲಾಗದಂಗ ಹಚ್ಚೋ ಅಂಟು) ಹಚ್ಚಿದ ಲೆಕ್ಕ. ಜಾರೋ ಎಳಿಗೆ ಅದೇ 18 ಕೊಟ್ರ ಬೋಲ್ಟಿನ ಮ್ಯಾಲ ಬೀಳೂ ಎಳೆತ ಭಾಳ ಹೆಚ್ಚಾಗ್ತೈತಿ. ಥ್ರೆಡ್ ಲಾಕರ್ ಹೆಚ್ಚು ಶಾಖ ತಡಿಯೂದು ಇರಲಿ, ಡಬ್ಬಿ ಮ್ಯಾಲ ಡಿಗ್ರಿ ಬರದಿರ್ತಾರ, ಓದಿ ತಗೋರಿ.