ಬ್ಯಾಟ್ ಬೀಸಿದ ಮೇಲೆ ಮಗಳು ಪ್ರತಿ ಸಲ ಮುಂದಕ್ಕೆ ಮುಗ್ಗರಿಸುತ್ತಾಳೆ, ಏನು ಮಾಡಲಿ?

ಡಲ್ಲಾಸ್_ಅಪ್ಪ
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ಮಗಳು ಫಾಸ್ಟ್‌ಪಿಚ್ ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥ ಆಟ, ಚೆಂಡನ್ನು ಕೈ ಕೆಳಗಿನಿಂದ ಜೋರಾಗಿ ಎಸೆಯುತ್ತಾರೆ) ಆಡುತ್ತಾಳೆ. ಬ್ಯಾಟ್ ಬೀಸಿದ ಮೇಲೆ ನಿಂತಲ್ಲಿ ನಿಲ್ಲುವುದೇ ಇಲ್ಲ. ಎದೆ ಮುಂದಿನ ಮಂಡಿಯ ಮೇಲೆ ಬಾಗುತ್ತದೆ, ಹಿಂದಿನ ಕಾಲು ಎದ್ದು ಚೆಂಡು ಎಸೆಯುವ ಪಿಚರ್ ಕಡೆಗೆ ಒಂದು ಹೆಜ್ಜೆ ಹೋಗಿಬಿಡುತ್ತದೆ. ಚೆಂಡು ತಾಗಿದರೂ ಜೋರಿಲ್ಲ, ಸುಮ್ನೆ ನೆಲದ ಮೇಲೆ ಉರುಳುತ್ತದೆ. ದಿನಾ ಸಂಜೆ ಟೀ (ಚೆಂಡು ನಿಲ್ಲಿಸುವ ಕಂಬ) ಮೇಲೆ ಚೆಂಡಿಟ್ಟು ನೂರು ಸಲ ಹೊಡೆಸುತ್ತೇನೆ. ಹೊಡೆದಷ್ಟೂ ಮುಗ್ಗರಿಸುವುದು ಜಾಸ್ತಿಯಾಗಿದೆ. ನಿನ್ನೆ ಅತ್ತುಬಿಟ್ಟಳು. ದಯವಿಟ್ಟು ಯಾರಾದರೂ ದಾರಿ ಹೇಳಿ.

ಹಳೇ_ಕ್ಯಾಚರ್
ಬ್ಯಾಟ್ ಭಾರ ಸರ್. ನೂರಕ್ಕೆ ನೂರು. ಭಾರದ ಬ್ಯಾಟ್ ಮಗುವನ್ನು ಎಳೆದುಕೊಂಡು ಹೋಗುತ್ತದೆ. ಎಷ್ಟು ಇಂಚು, ಎಷ್ಟು ಔನ್ಸ್? ವಯಸ್ಸೆಷ್ಟು?

ಡಲ್ಲಾಸ್_ಅಪ್ಪ
ವಯಸ್ಸು 11. ಬ್ಯಾಟ್ 31 ಇಂಚು, 21 ಔನ್ಸ್.

ಹಳೇ_ಕ್ಯಾಚರ್
ನೋಡಿ, ನಾನು ಹೇಳಲಿಲ್ವಾ? 30 ಇಂಚಿಗೆ ಇಳಿಸಿ, 19 ಔನ್ಸ್ ತನ್ನಿ. ಬೇಕಿದ್ದರೆ ಪರೀಕ್ಷೆ ಮಾಡಿ. ಒಂದೇ ಕೈಯಲ್ಲಿ ಬ್ಯಾಟ್ ಹಿಡಿದು ತೋಳು ಪಕ್ಕಕ್ಕೆ ಚಾಚಿ 20 ಸೆಕೆಂಡು ನಿಲ್ಲಲಿ. ಕೈ ನಡುಗಿದರೆ ಬ್ಯಾಟ್ ಭಾರ ಅಂತಲೇ ಅರ್ಥ.

ಡಲ್ಲಾಸ್_ಅಪ್ಪ
ಈಗಷ್ಟೇ ಮಾಡಿಸಿದೆ. 30 ಸೆಕೆಂಡು ಹಿಡಿದಳು, ಕೈ ನಡುಗಲಿಲ್ಲ.

ಹಳೇ_ಕ್ಯಾಚರ್
ಹಿಡಿಯುವುದು ಬೇರೆ, ಬೀಸುವುದು ಬೇರೆ. ಹತ್ತು ಸಲ ಬೀಸಿದ ಮೇಲೆ ಮತ್ತೆ ಹಿಡಿಸಿ ನೋಡಿ. ನನಗಂತೂ ಬ್ಯಾಟ್ ಮೇಲೇ ಅನುಮಾನ.

ಗ್ಯಾರೇಜ್_ಬ್ಯಾಟಿಂಗ್
ಬ್ಯಾಟ್ ಬದಲಿಸಲು ದುಡ್ಡು ಸುರಿಯಬೇಡಿ ಅಣ್ಣಾ. ಹಿಂದಿನ ಕಾಲು ತಿರುಗುತ್ತಿಲ್ಲ, ಅಷ್ಟೇ. ಜಿರಳೆ ಹೊಸಕಿದ ಹಾಗೆ ಹಿಂದಿನ ಪಾದ ನಿಂತಲ್ಲೇ ತಿರುಗಬೇಕು. ಅದು ನೆಲದಲ್ಲಿ ಕಚ್ಚಿಕೊಂಡರೆ ಮೈ ಮುಂದಕ್ಕೆ ಹೋಗುವುದು ಹೇಗೆ?

ಎಡಗೈ_ಆಟಗಾರ್ತಿ
ದಯವಿಟ್ಟು ಇದನ್ನು ಮಕ್ಕಳಿಗೆ ಕಲಿಸಬೇಡಿ. ಹಾಗೆ ಹೊಸಕುತ್ತಾ ನಿಂತರೆ ಭಾರವೆಲ್ಲ ಹಿಂದಿನ ಕಾಲಲ್ಲೇ ಕೂರುತ್ತದೆ. ಒಳ್ಳೆಯ ಬ್ಯಾಟರ್‌ಗಳ ವಿಡಿಯೊ ನಿಧಾನ ಮಾಡಿ ನೋಡಿ. ಚೆಂಡು ತಾಗುವ ಹೊತ್ತಿಗೆ ಹಿಂದಿನ ಪಾದದ ಹಿಮ್ಮಡಿ ಎದ್ದಿರುತ್ತದೆ, ಬರೀ ಬೆರಳ ತುದಿ ನೆಲದಲ್ಲಿರುತ್ತದೆ. ಕೆಲವರದು ಸ್ವಲ್ಪ ಮುಂದಕ್ಕೆ ಜಾರಿಯೂ ಇರುತ್ತದೆ. ಪಾದ ತಿರುಗುವುದು ಸೊಂಟ ತಿರುಗಿದ್ದಕ್ಕೆ. ಪಾದ ತಿರುಗಿಸಿದರೆ ಸೊಂಟ ತಾನಾಗಿ ತಿರುಗುವುದಿಲ್ಲ.

ಗ್ಯಾರೇಜ್_ಬ್ಯಾಟಿಂಗ್
ನನ್ನ ಇಬ್ಬರು ಮಕ್ಕಳೂ ಹಾಗೇ ಕಲಿತದ್ದು ಮೇಡಂ. ಇಬ್ಬರೂ ಶಾಲೆಯ ತಂಡದಲ್ಲಿದ್ದಾರೆ.

ಎಡಗೈ_ಆಟಗಾರ್ತಿ
ಸಂತೋಷ. ಆದರೆ ಇಲ್ಲಿರುವ ಮಗು ಮುಂದಕ್ಕೆ ಬೀಳುತ್ತಿದೆ. ಕಾರಣ ಹುಡುಕದೆ ಪಾದ ಹಿಡಿದು ಕಟ್ಟಿದರೆ ಮಂಡಿ ಹೋಗುತ್ತದೆ.

ಪೀಟಿ_ಮೇಡಂ_ಹಾಸನ
ನಾನು ಶಾಲಾ ಹುಡುಗಿಯರಿಗೆ ಕಲಿಸುವವಳು. ಅಪ್ಪನವರಿಗೆ ಎರಡೇ ಪ್ರಶ್ನೆ. ಟೀ ಎಲ್ಲಿಡುತ್ತೀರಿ? ಮೊದಲು ಯಾರಾದರೂ ಅವಳಿಗೆ ಕ್ರಿಕೆಟ್ ಹೇಳಿಕೊಟ್ಟಿದ್ದಾರಾ?

ಡಲ್ಲಾಸ್_ಅಪ್ಪ
ನಾನೇ ಹೇಳಿಕೊಟ್ಟಿದ್ದೇನೆ ಮೇಡಂ, ಕಾಲೇಜಿನಲ್ಲಿ ಕ್ರಿಕೆಟ್ ಆಡಿದವನು. ಕಾಲು ಮುಂದಿಟ್ಟು ಚೆಂಡಿನ ಹತ್ತಿರ ಹೋಗಿ ಹೊಡಿ ಎಂದೇ ಹೇಳುತ್ತೇನೆ. ಟೀ ಅವಳ ಮುಂದಿನ ಕಾಲಿನಿಂದ ಎರಡಡಿ ಮುಂದೆ ಇರುತ್ತದೆ. ಇದನ್ನು ಮೊದಲೇ ಹೇಳಬೇಕು ಅಂತ ಅನ್ನಿಸಲಿಲ್ಲ.

ಹಳೇ_ಕ್ಯಾಚರ್
ಟೀ ಎಲ್ಲಿದ್ದರೂ ಹಗುರ ಬ್ಯಾಟ್ ಆದರೆ ಹಿಡಿತ ತಪ್ಪುವುದಿಲ್ಲ.

ಪೀಟಿ_ಮೇಡಂ_ಹಾಸನ
ಸಿಕ್ಕಿತು ಸರ್. ಮಗು ನೀವು ಹೇಳಿದ್ದನ್ನೇ ಮಾಡುತ್ತಿದೆ. ಚೆಂಡು ಎರಡಡಿ ಮುಂದಿದ್ದರೆ ಅದನ್ನು ಮುಟ್ಟಲು ಬೀಳಲೇಬೇಕು. ದಿನಾ ನೂರು ಸಲ ಬೀಳುವುದನ್ನೇ ಅಭ್ಯಾಸ ಮಾಡಿಸಿದ ಹಾಗಾಯಿತು.

ಕ್ರಿಕೆಟ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ಏಳುತ್ತದೆ. ಬಿದ್ದ ಜಾಗದ ಹತ್ತಿರ ಹೋದರೆ ಅದು ತಿರುಗುವ ಮೊದಲೇ ಹೊಡೆಯಬಹುದು. ಅದಕ್ಕೇ ಅಲ್ಲಿ ಕಾಲು ಚಾಚುತ್ತೇವೆ. ಇಲ್ಲಿ ಚೆಂಡು ಗಾಳಿಯಲ್ಲೇ ಬರುತ್ತದೆ. ನಿಮ್ಮ ಮಗಳ ವಯಸ್ಸಿನವರಿಗೆ ಪಿಚರ್ 40 ಅಡಿ ದೂರದಲ್ಲಿರುತ್ತಾಳೆ. ಗಂಟೆಗೆ 50 ಮೈಲಿ ವೇಗದ ಚೆಂಡು ಅಷ್ಟು ದೂರ ಬರಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಾಕು. ಉದ್ದ ಹೆಜ್ಜೆಗೆ ಪುರುಸೊತ್ತೇ ಇಲ್ಲ. ಜೋರು ಬರುವುದು ಸೊಂಟ ತಿರುಗಿದಾಗ. ಮುಂದಿನ ಕಾಲು ಗಟ್ಟಿಯಾಗಿ ನಿಂತರೆ ಮಾತ್ರ ಸೊಂಟ ತಿರುಗುತ್ತದೆ. ಅವಳ ಮುಂದಿನ ಮಂಡಿ ಮಡಚಿ ಹೋಗುತ್ತಿದೆ, ಅದಕ್ಕೇ ಚೆಂಡು ಉರುಳುತ್ತಿದೆ.

ಮೊದಲು ಬ್ಯಾಟ್ ಪಕ್ಕಕ್ಕಿಡಿ. ಕಾಲುಗಳು ಭುಜಕ್ಕಿಂತ ಸ್ವಲ್ಪ ಅಗಲ, ಮಂಡಿ ಸಡಿಲ, ಭಾರ ಪಾದದ ಮುಂಭಾಗದಲ್ಲಿ. ಹಿಂದಿನ ತೊಡೆಯ ಒಳಗಡೆ ಭಾರ ಕೂಡಿಸಿಕೊಳ್ಳಲಿ. ಆಮೇಲೆ ಅರ್ಧ ಗೇಣು ಹೆಜ್ಜೆ, ಅಷ್ಟೇ. ಹೆಬ್ಬೆರಳ ಕಡೆಯಿಂದ ಮೆತ್ತಗೆ ಇಡಬೇಕು, ಮಲಗಿರುವ ಮಗುವಿನ ಪಕ್ಕ ಕಾಲಿಟ್ಟ ಹಾಗೆ. ಅಲ್ಲೇ ನಿಲ್ಲಿಸಿ. ಭುಜವನ್ನು ಒಂದು ಬೆರಳಲ್ಲಿ ಮೆಲ್ಲಗೆ ತಳ್ಳಿ. ಅಲುಗಿದರೆ ಮತ್ತೆ ಮಾಡಿಸಿ. ಮೂಗು ಎರಡೂ ಪಾದಗಳ ನಡುವೆ ಇರಲಿ. ನಮ್ಮಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದ ಹುಡುಗಿಯರಿಗೆ ಇದು ಬೇಗ ಬರುತ್ತದೆ. ಒಂಟಿ ಕಾಲಲ್ಲಿ ನಿಲ್ಲುವುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಹೆಜ್ಜೆ ಇಟ್ಟ ಮೇಲೆ ಟೀ ಇಡಿ, ಅದಕ್ಕಿಂತ ಮೊದಲು ಬೇಡ. ಮಧ್ಯದ ಚೆಂಡಿಗೆ ಟೀ ಕಂಬ ಮುಂದಿನ ಪಾದದ ನೇರಕ್ಕೆ. ಒಳಗಿನ, ಅಂದರೆ ಮೈ ಹತ್ತಿರ ಬರುವ ಚೆಂಡಿಗೆ ಇನ್ನು ಸ್ವಲ್ಪ ಮುಂದೆ, ಮೈಯಿಂದ ದೂರ ಹೋಗುವ ಹೊರಗಿನದಕ್ಕೆ ಸ್ವಲ್ಪ ಹಿಂದೆ. ಟೀ ತಳ ಹೋಮ್ ಪ್ಲೇಟ್ (ಬ್ಯಾಟರ್ ಪಕ್ಕ ನೆಲದಲ್ಲಿರುವ ಬಿಳಿ ಹಲಗೆ) ಆಕಾರದಲ್ಲಿರುತ್ತದೆ ಅಂತ ಅದರ ಪಕ್ಕ ಕಾಲಿಟ್ಟು ಅಳೆಯಬೇಡಿ. ಬೀಸಿದ ಮೇಲೆ ಮೂರು ಎಣಿಸುವವರೆಗೆ ನಿಲ್ಲಲಿ. ನೂರು ಬೇಡ, 20 ಸಾಕು.

ಗ್ಯಾರೇಜ್_ಬ್ಯಾಟಿಂಗ್
ನಾನು ಗ್ಯಾರೇಜಿನಲ್ಲೇ ಬಲೆ ಕಟ್ಟಿದ್ದೇನೆ. ಕೆಳಗೆ ಹುಲ್ಲಿನಂಥ ರಬ್ಬರ್ ಹಾಸು, ಅದರ ಮೇಲೆ ಬ್ಯಾಟರ್ ನಿಲ್ಲುವ 3 ಅಡಿ ಅಗಲ 7 ಅಡಿ ಉದ್ದದ ಬಾಕ್ಸ್ ಬಿಳಿ ಟೇಪಿನಲ್ಲಿ. ಎರಡು ಟೀ, ಪಕ್ಕದಿಂದ ಒಂದು ಕ್ಯಾಮೆರಾ, ಮೇಲಿಂದ ಒಂದು. ಮಳೆ ಬಂದರೂ ಅಭ್ಯಾಸ ನಿಲ್ಲುವುದಿಲ್ಲ. ಮುಂದಿನ ತಿಂಗಳು ಚೆಂಡು ಎಸೆಯುವ ಯಂತ್ರ ತರುತ್ತೇನೆ. ಯಾರಿಗಾದರೂ ಅಳತೆ ಬೇಕಿದ್ದರೆ ಕೇಳಿ.

ಎಡಗೈ_ಆಟಗಾರ್ತಿ
ಮಗು ಹೇಗೂ ಮುಂದಕ್ಕೆ ಓಡುತ್ತದೆ ಅಲ್ವಾ, ಎಡಗೈಗೆ ಬದಲಿಸಿ ಸ್ಲ್ಯಾಪ್ (ಓಡುತ್ತಲೇ ಚೆಂಡು ತಟ್ಟುವ ಹೊಡೆತ) ಕಲಿಸಿ ನೋಡಬಹುದು. ಎಡಗೈ ಬ್ಯಾಟರ್ ಆಗಿ ನಿಂತರೆ, ಹೊಡೆದ ಮೇಲೆ ಓಡಿ ಮುಟ್ಟಬೇಕಾದ ಒಂದನೇ ಬೇಸ್ ಹತ್ತಿರ. ಓಡುತ್ತಲೇ ಹೊಡೆಯುವುದು ನನಗೆ ತುಂಬಾ ಇಷ್ಟದ ಆಟ.

ಪೀಟಿ_ಮೇಡಂ_ಹಾಸನ
ಈಗ ಬೇಡ ಮೇಡಂ. ಸ್ಲ್ಯಾಪ್‌ನಲ್ಲೂ ಕಾಲಿನ ಲೆಕ್ಕ ಇನ್ನೂ ಕಟ್ಟುನಿಟ್ಟು. ಚೆಂಡು ತಾಗುವಾಗ ಒಂದು ಪಾದ ಪೂರ್ತಿ ಬಾಕ್ಸ್ ಹೊರಗೆ ನೆಲ ಮುಟ್ಟಿದ್ದರೆ ಔಟ್. ನಿಲ್ಲಲು ಬಾರದೆ ಓಡುವುದಕ್ಕೂ, ಬೇಕೆಂದೇ ಓಡುವುದಕ್ಕೂ ತುಂಬಾ ವ್ಯತ್ಯಾಸವಿದೆ.

ಡಲ್ಲಾಸ್_ಅಪ್ಪ
ಒಂಬತ್ತು ದಿನ ಆಯಿತು, ಬರೆಯಲು ತಡವಾಯಿತು. ಟೀ ಹಿಂದಕ್ಕೆ ತಂದೆ. ಮೊದಲ ಎರಡು ದಿನ ಚೆಂಡು ತೀರಾ ಹತ್ತಿರ ಅಂತ ಗೊಣಗಿದಳು. ನಿನ್ನೆ 20ರಲ್ಲಿ 14 ಸಲ ಮೂರು ಎಣಿಸುವವರೆಗೆ ನಿಂತಳು. ಒಂದು ಚೆಂಡು ಬೇಲಿಗೆ ಬಡಿದ ಸದ್ದಿಗೆ ಅವಳೇ ಬೆಚ್ಚಿ ನಕ್ಕಳು. ಆ ನಗು ನೋಡಿ ಬಹಳ ದಿನ ಆಗಿತ್ತು. ಮೇಡಂ, ನಿಮಗೆ ಕೈ ಮುಗಿಯುತ್ತೇನೆ.

ಆದರೆ ಶನಿವಾರದ ಪಂದ್ಯದಲ್ಲಿ ಚೇಂಜಪ್ (ಯಾಮಾರಿಸುವ ನಿಧಾನದ ಚೆಂಡು) ಬಂದಾಗ ಮತ್ತೆ ಹಾಗೇ ಬಿದ್ದಳು. ಎರಡು ಸಲ.

ಪೀಟಿ_ಮೇಡಂ_ಹಾಸನ
ಅದು ಬೇರೆ ಕಥೆ, ಟೀ ಮೇಲೆ ಸರಿಹೋಗದು. ಪಿಚರ್ ಕೈ ಅದೇ ವೇಗದಲ್ಲಿ ಬರುತ್ತದೆ, ಚೆಂಡು ಮಾತ್ರ ನಿಧಾನ. ಪಾದ ಇಳಿದಾಗಲೇ ಭಾರವೂ ಮುಂದಕ್ಕೆ ಹೋಗಿಬಿಟ್ಟಿರುತ್ತದೆ. ಬಲೆಯ ಹಿಂದೆ ಕೂತು 15 ಅಡಿಯಿಂದ ನೀವೇ ಎಸೆಯಿರಿ. ಒಂದು ಜೋರು, ಒಂದು ಮೆಲ್ಲಗೆ, ಹೇಳದೆ ಬದಲಿಸಿ. ಪಾದ ಇಳಿಯಲಿ, ಕೈ ಹಿಂದೆಯೇ ಕಾಯಲಿ. ಮುಂದಿನ ಪಾದದ ಹಿಮ್ಮಡಿ ನೆಲಕ್ಕೆ ಒತ್ತಿದ ಮೇಲೇ ಬೀಸಲಿ. ಎರಡು ವಾರ ಮಾಡಿಸಿ ಬರೆಯಿರಿ.

ಹಳೇ_ಕ್ಯಾಚರ್
ಈ ಒಂಬತ್ತು ದಿನ ಯಾವ ಬ್ಯಾಟಿನಲ್ಲಿ ಆಡಿದಳು ಸರ್?

ಡಲ್ಲಾಸ್_ಅಪ್ಪ
ಅದೇ 31, ಅದೇ 21.